ಮಡಿವಿದ್ಯುನ್ಮೀಮಾಂಸೆ

ಅಥ ಮಡಿ ಕರೆಂಟು. 'ಅಥ' ಎಂದರೆ ಗೃಹಪ್ರವೇಶ ಮುಗಿದು, ಸಾಲದ ಕಂತು ಶುರುವಾಗಿ, ಗೋಡೆಗೆ ಬಣ್ಣವೂ ಬಳಿದಾದ ಮೇಲೆ ಎಂದರ್ಥ. ಬಣ್ಣಕ್ಕೆ ಮುಂಚೆಯೇ ವೈರು ಎಳೆಸಿದವನು ಬುದ್ಧಿವಂತನಾದಾನು, ಶ್ರವಣವ್ರತಿ ಆಗಲಾರ.

ಲಕ್ಷಣ: ಮೀಟರ್ ಬೋರ್ಡಿನಿಂದ ಹೊರಟು ಆಂಪ್ಲಿಫೈಯರ್ ಸೇರುವತನಕ ಮಿಕ್ಸಿ, ಫ್ರಿಜ್ಜು, ಫ್ಯಾನ್ ರೆಗ್ಯುಲೇಟರುಗಳ ಸೋಂಕಿಲ್ಲದೆ ಬರುವುದೇ ಮಡಿ ಕರೆಂಟು. ಅದಕ್ಕೆ 4 ಸ್ಕ್ವೇರ್ ಎಂಎಂ ತಾಮ್ರದ ವೈರು, ಬೇರೆಯೇ ಒಂದು 16 ಆಂಪ್ ಎಂಸಿಬಿ, ತನ್ನದೇ ಅರ್ತಿಂಗ್ ಗುಂಡಿ. ಗುಂಡಿಗೆ ಇದ್ದಿಲು, ಉಪ್ಪು. ಬೇಸಿಗೆಯಲ್ಲಿ ನಿತ್ಯ ಒಂದು ಕೊಡ ನೀರು. (ಇದೇ ಅಭಿಷೇಕ ತೆಂಗಿನಮರಕ್ಕಾಗಿದ್ದರೆ ಕಾಯಾದರೂ ಬಿಡುತ್ತಿತ್ತೆಂಬ ಪಕ್ಕದ ಮನೆಯವರ ಮತ ಇಲ್ಲಿ ಅಪ್ರಸ್ತುತ.)

ಪೂರ್ವಪಕ್ಷವನ್ನು ಎಲೆಕ್ಟ್ರಿಷಿಯನ್ ಏಣಿಯ ಮೇಲಿಂದಲೇ ಮಂಡಿಸಿದ: "ಸಾರ್, ಎರಡು ವೈರೂ ಹೋಗಿ ಸೇರೋದು ಒಂದೇ ಮೀಟರ್‌ಗೆ. ಆಚೆ ಕಂಬಕ್ಕೆ ಮಡಿ ಯಾರು ಮಾಡ್ತಾರೆ?"

ಆಕ್ಷೇಪ ಗಂಭೀರವಾದದ್ದು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ನಡೆದುಹೋದ ಕರೆಂಟನ್ನು ದಾರಿಯಲ್ಲಿ ಯಾರೂ ಸ್ನಾನವಾಯಿತೇ ಎಂದು ಕೇಳಲಿಲ್ಲ. ಈಗಲೂ ಅದು ಟ್ರಾನ್ಸ್‌ಫಾರ್ಮರು, ಕಾಗೆ, ಗಾಳಿಪಟದ ಬಾಲಂಗೋಚಿ, ಬೀದಿ ತುದಿಯ ವೆಲ್ಡಿಂಗ್ ಅಂಗಡಿ ಎಲ್ಲವನ್ನೂ ತಗುಲಿಕೊಂಡೇ ಬರುತ್ತದೆ. ಸಮಾಧಾನ: ನಲ್ಲಿ ನೀರು ಎಲ್ಲಿಂದಲೇ ಬರಲಿ, ಮಡಿ ಕೊಡಕ್ಕೆ ಬಿದ್ದಮೇಲೆ ಮಡಿನೀರೇ. ಆದ್ದರಿಂದ ಕೊನೆಯ 20 ಮೀಟರೇ ಪ್ರಮಾಣ.

ಗಣಿತವೂ ಉಂಟು. ಹೋಗಿಬರುವ 40 ಮೀಟರಿಗೆ ಹಳೆಯ 1.5 ಸ್ಕ್ವೇರ್ ವೈರಿನಲ್ಲಿ 2 ಆಂಪಿಯರ್ ಹರಿದರೆ ಹೆಚ್ಚುಕಡಿಮೆ 1 ವೋಲ್ಟ್ ಸೋರುತ್ತದೆ, ಹೊಸದರಲ್ಲಿ 0.4. ಲಾಭ 0.6 ವೋಲ್ಟ್. ಸರಬರಾಜಿಗೇ 230ರ ಆಚೀಚೆ ಶೇಕಡಾ 6, ಅಂದರೆ 13.8 ವೋಲ್ಟ್, ತೂಗಾಡಲು ಅನುಮತಿ ಇದೆಯೆಂಬುದನ್ನು ಎತ್ತುವವರು ನಾಸ್ತಿಕರು.

ಪ್ರತಿಷ್ಠಾಪನೆಯ ಸಂಜೆ ಮಲ್ಲಿಕಾರ್ಜುನ ಮನ್ಸೂರರ 78 ಆರ್‌ಪಿಎಂ ತಟ್ಟೆಯೊಂದರ ನಕಲು ಹಾಕಿದೆ. ಮೂಲದ ಚರಚರ ಸದ್ದು ಇಷ್ಟು ಶುದ್ಧವಾಗಿ ಹಿಂದೆಂದೂ ಕೇಳಿರಲಿಲ್ಲ. ಆದರೆ ಅದರಡಿಯಲ್ಲಿ, ಯಾರೂ ಮೀಟದ ತಂಬೂರಿಯಂತೆ, 'ಹೂಂ' ಎಂಬ 50 ಹರ್ಟ್ಸ್ ನಾದ. ಹಳೆಯ ವೈರಿನಲ್ಲಿ ಅದು ಇರಲೇ ಇಲ್ಲ!

ಕಾರಣ ಮಡಿಯೇ. ಆಂಪ್ಲಿಫೈಯರಿಗೆ ಒಂದು ಭೂಮಿ, ಟೀವಿಗೆ ಇನ್ನೊಂದು. ಎರಡರ ವೋಲ್ಟೇಜು ಸರಿಸಮ ಇರದೆ, ನಡುವಿನ ಆಡಿಯೊ ಕೇಬಲ್ಲಿನ ಕವಚದಲ್ಲೇ ಕರೆಂಟು ಹರಿದಾಡುತ್ತಿತ್ತು. ಅರ್ತಿಂಗಿನ ಐಎಸ್ 3043 ಒಂದೇ ಮನೆಯ ಗುಂಡಿಗಳನ್ನು ಬೆಸೆಯಬೇಕೆಂದು ಹೇಳುವುದು ಹಾಡಿಗಲ್ಲ, ಪ್ರಾಣಕ್ಕೆ. ಆ ಭಾಗವನ್ನು ನಾನು ಓದಿರಲಿಲ್ಲ. ಎಲೆಕ್ಟ್ರಿಷಿಯನ್ ಓದದೆಯೂ ಬಲ್ಲವನಾಗಿದ್ದ. ತಾಮ್ರದ ಪಟ್ಟಿಯಿಂದ ಎರಡು ಗುಂಡಿಗೂ ಗಂಟುಹಾಕಿ, ಟೀವಿಯ ಪ್ಲಗ್ಗನ್ನೂ ಮಡಿ ಬೋರ್ಡಿಗೇ ಸಿಕ್ಕಿಸಿದ. ನಾದ ನಿಂತಿತು.

ಐವತ್ತು ವರ್ಷ ನಿಜವಾದ ಮಡಿ ಮಾಡಿದ ಅಮ್ಮ ಎಲ್ಲವನ್ನೂ ನೋಡುತ್ತಿದ್ದರು. "ಒಂದು ಸಲ ಮುಟ್ಟಿಸಿಕೊಂಡಿತಲ್ಲ, ಇನ್ನೇನು ಬಿಡು" ಎಂದರು. ಮೊನ್ನೆ ಅಡುಗೆಮನೆಯ ಎಂಸಿಬಿ ಬಿದ್ದಾಗ ಮಿಕ್ಸಿಯನ್ನು ಹಾಲಿಗೇ ತಂದು, ಅದೇ ಬೋರ್ಡಿಗೆ ಹಾಕಿ ದೋಸೆಗೆ ರುಬ್ಬಿದರು. 4 ಸ್ಕ್ವೇರ್ ವೈರಲ್ಲವೇ, ಹಿಟ್ಟು ಬಹಳ ನುಣ್ಣಗಿತ್ತು.