ಕಡಿಮೆ ಖರ್ಚಿನ ಸಮುದ್ರ

ನನ್ನ ಷಡ್ಡಕರು ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಸಮುದ್ರ ಸಾಕುತ್ತಿದ್ದಾರೆ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಸಮುದ್ರ. ಬಸವೇಶ್ವರನಗರದ ಮನೆಯ ಹಾಲಿನಲ್ಲಿ, ಟಿ.ವಿ.ಗೂ ದೇವರ ಮನೆಯ ಬಾಗಿಲಿಗೂ ನಡುವೆ ಅದರ ವಾಸ.

ಇಂಥವರೊಬ್ಬರು ನಿಮ್ಮ ನೆಂಟರಲ್ಲೂ ಇದ್ದೇ ಇರುತ್ತಾರೆ. ಸಾವಿರದ ಕೆಲಸವನ್ನು ಇನ್ನೂರರಲ್ಲಿ ಮಾಡಿ ತೋರಿಸುತ್ತೇನೆಂದು ಹೊರಡುತ್ತಾರೆ. ತೋರಿಸುವಷ್ಟರಲ್ಲಿ ಸಾವಿರದ ಇನ್ನೂರು ಹೋಗಿರುತ್ತದೆ. ಹೆಚ್ಚಿಗೆ ಹೋದದ್ದನ್ನು ‘ಅನುಭವ’ ಎಂಬ ಬಾಬ್ತಿಗೆ ಹಾಕಿ ನೆಮ್ಮದಿಯಾಗಿ ಮಲಗುತ್ತಾರೆ. ಇವರನ್ನು ಜುಗ್ಗರು ಎನ್ನುವುದು ಅನ್ಯಾಯ. ಜುಗ್ಗ ಖರ್ಚಿನ ತಂಟೆಗೇ ಹೋಗದೆ ಮನೆಯಲ್ಲಿ ಕೂತಿರುತ್ತಾನೆ. ಇವರಿಗೆ ಬೇಕಾದದ್ದು ದುಡ್ಡಲ್ಲ, ಗೆಲುವು. ಅಂಗಡಿಯವನ ಮೇಲೆ ಗೆಲುವು.

ಷಡ್ಡಕರು, ಅಂದರೆ ನಮ್ಮ ಭಾವ, ಇದಕ್ಕೆಂದೇ ಒಂದು ಹಳೆಯ ಡೈರಿ ಇಟ್ಟಿದ್ದಾರೆ. ಎಡಪುಟದಲ್ಲಿ ಖರ್ಚು, ಬಲಪುಟದಲ್ಲಿ ಉಳಿತಾಯ. ಬಲಪುಟ ನೋಡುವಂಥದ್ದು. ‘ಪ್ರೋಟೀನ್ ಸ್ಕಿಮ್ಮರ್ ಕೊಳ್ಳಲಿಲ್ಲ’, ‘ಯು.ವಿ. ದೀಪ ಕೊಳ್ಳಲಿಲ್ಲ’, ‘ಚಿಲ್ಲರ್ ಕೊಳ್ಳಲಿಲ್ಲ, ಬೆಂಗಳೂರಿನ ಹವೆ ಸಾಕು’. ಒಂದೊಂದರ ಎದುರಿಗೂ ಅಂಗಡಿಯ ಬೆಲೆ, ಅದೂ ಚೌಕಾಸಿಗೆ ಮುಂಚಿನದು. ಒಂದು ದಿನ ಶಿವಾಜಿನಗರದಲ್ಲಿ ಇನ್ನೂ ದುಬಾರಿಯ ಸ್ಕಿಮ್ಮರ್ ಕಣ್ಣಿಗೆ ಬಿತ್ತಂತೆ. ಮನೆಗೆ ಬಂದವರೇ ಹಳೆಯ ಅಂಕಿ ಹೊಡೆದು ಹೊಸದನ್ನು ಬರೆದರು. ಒಂದೇ ಸಂಜೆಗೆ ಉಳಿತಾಯ ದುಪ್ಪಟ್ಟು!

ಇಷ್ಟಕ್ಕೆಲ್ಲ ಕಾರಣ ಮೊಮ್ಮಗ. ‘ಫೈಂಡಿಂಗ್ ನೀಮೋ’ ನೋಡಿ ಆ ಕಿತ್ತಳೆ ಮೀನೇ ಬೇಕೆಂದು ಹಟ ಹಿಡಿದ. ಗೋಲ್ಡ್ ಫಿಷ್ ತೋರಿಸಿದರೆ ಮುಖ ತಿರುಗಿಸಿದ. ಅಂಗಡಿಯವನು ಒಳ್ಳೆಯ ಮಾತೇ ಹೇಳಿದ್ದ. ‘ಸಾರ್, ಉಪ್ಪುನೀರಲ್ಲಿ ಚಿಕ್ಕ ಟ್ಯಾಂಕೇ ಕಷ್ಟ. ನೀರು ಕಮ್ಮಿ ಇದ್ದಷ್ಟೂ ಉಪ್ಪು, ಬಿಸಿ ಎಲ್ಲ ಬೇಗ ಏರುಪೇರಾಗುತ್ತೆ. ದೊಡ್ಡದು ತಗೊಳ್ಳಿ.’ ಭಾವನಿಗೆ ಕೇಳಿಸಿದ್ದು ಕೊನೆಯ ಎರಡು ಪದ ಮಾತ್ರ. ‘ಮಾರೋವನು ಮತ್ತೇನು ಹೇಳ್ತಾನೆ?’ ಎಂದು ಯಾರೋ ಮನೆ ಖಾಲಿ ಮಾಡುವಾಗ ಬಿಟ್ಟುಹೋಗಿದ್ದ ಗಾಜಿನ ತೊಟ್ಟಿಯನ್ನು ಆಟೋದಲ್ಲಿ ತಂದರು.

ಆಮೇಲೆ ಉಪ್ಪು. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ತೊಟ್ಟಿಗೆ ಹಿಡಿಯುವುದು 56 ಲೀಟರ್. ಎರಡು ಕೆಜಿ ಉಪ್ಪಿಗೆ ಇಷ್ಟೊಂದು ಹಾರಾಟವೇ ಎಂದು ಭಾವ ದಿನಸಿ ಅಂಗಡಿಯ ಕಡೆ ಹೊರಟಿದ್ದರು. ಅಕ್ವೇರಿಯಮ್ಮಿನ ಹುಡುಗ ತಡೆದು ನಿಲ್ಲಿಸಿದ. ಸಮುದ್ರದ ಉಪ್ಪಿನಲ್ಲಿ ಅಡುಗೆ ಉಪ್ಪಿನ ಪಾಲು ಸುಮಾರು 85 ಪರ್ಸೆಂಟ್, ಉಳಿದದ್ದು ಮೆಗ್ನೀಸಿಯಮ್, ಸಲ್ಫೇಟ್, ಕ್ಯಾಲ್ಸಿಯಮ್, ಪೊಟ್ಯಾಸಿಯಮ್. ಅದಿಲ್ಲದಿದ್ದರೆ ಮೀನು ಬದುಕುವುದಿಲ್ಲ ಎಂದ. ಭಾವ ಕನ್ನಡಕ ತೆಗೆದು ಕೇಳಿದರು. ‘ಹದಿನೈದು ಪರ್ಸೆಂಟಿಗೆ ಇಷ್ಟು ರೇಟೇನಪ್ಪಾ?’

ಸಮುದ್ರ ಪುಕ್ಕಟೆ ಬಿದ್ದಿರುವಾಗ ಉಪ್ಪನ್ನು ಕೊಳ್ಳುವುದೇಕೆ ಎಂದು ಮಂಗಳೂರಿನ ಹಳೆಯ ಸಹೋದ್ಯೋಗಿಗೆ ಫೋನ್ ಹೋಯಿತು. ಆತ ಪಾಪ, ಆಷಾಢದ ಮಳೆಯಲ್ಲಿ ಕೊಡೆ ಹಿಡಿದು, ಸಮುದ್ರವೇ ತಾನೆ ಎಂದು ನೇತ್ರಾವತಿಯ ಅಳಿವೆಯ ಹತ್ತಿರ ಕ್ಯಾನು ತುಂಬಿಸಿ ರಾತ್ರಿ ಬಸ್ಸಿಗೆ ಹಾಕಿಸಿದ. ‘ಬೆಂಗಳೂರಿಗೆ ನೀರಾ?’ ಎಂದು ನಕ್ಕ ಕಂಡಕ್ಟರು ಲಗೇಜು ಚೀಟಿ ಹರಿಯುವುದನ್ನು ಮಾತ್ರ ಮರೆಯಲಿಲ್ಲ. ಮನೆಯಲ್ಲಿ ಹೈಡ್ರೋಮೀಟರ್ ಇಳಿಬಿಟ್ಟರೆ 1.025 ತೋರಿಸಬೇಕಾದದ್ದು ಕೊಳಾಯಿ ನೀರಿನ ಆಸುಪಾಸಿನಲ್ಲೇ ನಿಂತಿತು. ಶಿರಾಡಿ ಘಾಟಿಯಲ್ಲಿ ಸುರಿದ ಮಳೆ ಹೊಳೆಯಲ್ಲಿ ಪುಕ್ಕಟೆಯಾಗಿ ಕೆಳಗಿಳಿದು, ಟಿಕೆಟ್ ತೆಗೆದುಕೊಂಡು ಅದೇ ಘಾಟಿ ಹತ್ತಿ ಬಂದಿತ್ತು. ಅತ್ತಿಗೆ ಅದರಲ್ಲಿ ಜಗಲಿ ತೊಳೆದರು. ಭಾವ ತಲೆ ತಗ್ಗಿಸಿಕೊಂಡು ಹೋಗಿ ಪ್ಯಾಕೆಟ್ಟಿನ ಉಪ್ಪು ತಂದರು.

ಈ ಉಪ್ಪಿಗೆ ಆರ್.ಓ. ನೀರೇ ಬೇಕು ಎಂದಾಗಿ ಜೇಬಿಗೊಂದು ಟಿ.ಡಿ.ಎಸ್. ಪೆನ್ನು ಬಂತು. ಅದು ಬಂದ ಮೇಲೆ ಭಾವ ಯಾರ ಮನೆಯಲ್ಲೂ ನೀರು ಕೇಳಿ ಸುಮ್ಮನೆ ಕುಡಿದವರಲ್ಲ. ಲೋಟಕ್ಕೆ ಪೆನ್ನು ಅದ್ದಿ, ‘ಮುನ್ನೂರ ನಲವತ್ತು!’ ಎಂದು ಮನೆಯ ಯಜಮಾನಿಯ ಮುಖ ನೋಡುತ್ತಾರೆ. ನಾದಿನಿಯ ಮಗಳ ಮದುವೆಯಲ್ಲಿ ಬೀಗರ ಪಂಕ್ತಿಯಲ್ಲೇ ಪೆನ್ನು ಹೊರಬಂದಿತ್ತು. ಅತ್ತಿಗೆ ದೂರದಿಂದಲೇ ಕಣ್ಣು ಬಿಟ್ಟದ್ದಕ್ಕೆ ಮಾನ ಉಳಿಯಿತು.

ಬಂಡೆಯದು ಇನ್ನೊಂದು ಕಥೆ. ಜಕಾರ್ತದ ಲೀ ಚಿನ್ ಎಂಗ್ ಎಂಬವರು 1961ರಲ್ಲೇ ಒಂದು ಲೇಖನ ಬರೆದು, ಜೀವವಿರುವ ಬಂಡೆ, ಸಮುದ್ರದ ನೀರು, ಬೆಳಕು, ಒಂದಿಷ್ಟು ಗಾಳಿಗುಳ್ಳೆ ಇದ್ದರೆ ಫಿಲ್ಟರಿನ ಹಂಗೇ ಬೇಡ ಎಂದು ಹೇಳಿದ್ದರು. ಭಾವನಿಗೆ ಅವರೀಗ ಕುಲಗುರು. ಗುರುಗಳ ಮನೆಯ ಹತ್ತಿರ ಸಮುದ್ರವಿತ್ತು, ಶಿಷ್ಯರದ್ದು ಬಸವೇಶ್ವರನಗರ, ಅಷ್ಟೇ ವ್ಯತ್ಯಾಸ. ರಾಮೇಶ್ವರ ಯಾತ್ರೆಯಲ್ಲಿ ಯಾವ ಕಾಲದಲ್ಲೋ ತಂದ ಹವಳದ ತುಂಡು ನೆಂಟರೊಬ್ಬರ ಷೋಕೇಸಿನಲ್ಲಿತ್ತು. ಅದರ ಮೇಲೆ ಕಣ್ಣು ಬಿತ್ತು. ಅಷ್ಟರಲ್ಲಿ, ಬಂಡೆ ಕಟ್ಟುವ ಹವಳಗಳು 1972ರ ವನ್ಯಜೀವಿ ಕಾಯ್ದೆಯಲ್ಲಿ ಹುಲಿ ಇರುವ ಪರಿಶಿಷ್ಟದಲ್ಲೇ ಇವೆ ಎಂದು ಯಾರೋ ಹೇಳಿದರು. ಪಿಂಚಣಿ ಎಣಿಸುವ ಮನುಷ್ಯ, ಹುಲಿಯ ತಂಟೆಗೆ ಹೋಗುತ್ತಾರೆಯೇ? ಕಾಂಪೌಂಡ್ ಗೋಡೆಗೆ ತಂದು ಮಿಕ್ಕಿದ್ದ ಸಿಮೆಂಟಿನಲ್ಲಿ ತಾವೇ ಬಂಡೆ ಮಾಡಿ, ಸುಣ್ಣದಂಶ ಬಿಡಲೆಂದು ವಾರಗಟ್ಟಲೆ ಬಕೆಟ್ಟಿನಲ್ಲಿ ನೆನೆಹಾಕಿದರು. ಸ್ನಾನಕ್ಕೆ ಬಕೆಟ್ ಇಲ್ಲದೆ ಅತ್ತಿಗೆ ಹೊಸದೊಂದು ತಂದರು. ಆ ಖರ್ಚು ಮಾತ್ರ ಯಾವ ಪುಟದಲ್ಲೂ ಇಲ್ಲ.

ತೊಟ್ಟಿ ತುಂಬಿತು, ಮೀನಿಲ್ಲ. ಮೊದಲು ಬ್ಯಾಕ್ಟೀರಿಯಾ ಬೆಳೆಯಬೇಕು. ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ಒಂದು ಜಾತಿ ನೈಟ್ರೈಟ್ ಮಾಡುತ್ತದೆ, ಅದನ್ನು ಇನ್ನೊಂದು ಜಾತಿ ಅಷ್ಟಾಗಿ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತದೆ. ಇದು ಕುದುರಲು ನಾಲ್ಕರಿಂದ ಆರು ವಾರ ಬೇಕು. ಶುರುವಿಗೆ ಅಮೋನಿಯಾ ಎಲ್ಲಿಂದ? ಒಂದು ಹಸಿ ಸೀಗಡಿ ಹಾಕಿ ಕೊಳೆಯಲು ಬಿಟ್ಟರಾಯಿತು. ಆದರೆ ಇದು ಈರುಳ್ಳಿಯನ್ನೂ ಏಕಾದಶಿ ನೋಡಿಕೊಂಡು ತರುವ ಮನೆ! ಭಾವ ಕತ್ತಲಾದ ಮೇಲೆ ಮಫ್ಲರ್ ಸುತ್ತಿಕೊಂಡು ಮೀನಿನ ಅಂಗಡಿಯ ಮುಂದೆ ನಿಂತರು.

‘ಎಷ್ಟು ಕೊಡ್ಲಿ ಸಾರ್, ಅರ್ಧ ಕೆಜಿ?’

‘ಒಂದು.’

‘ಒಂದು ಕೆಜಿನಾ?’

‘ಅಲ್ಲಪ್ಪ. ಒಂದೇ ಒಂದು.’

‘ಒಂದ್ರಲ್ಲಿ ಏನ್ ಮಾಡ್ಕೊಂಡ್ ತಿಂತೀರ?’

‘ತಿನ್ನೋಕಲ್ಲ. ಕೊಳೆಸೋಕೆ.’

ಅವನು ಕೈಮುಗಿದು ದುಡ್ಡು ತೆಗೆದುಕೊಳ್ಳದೆ ಕಳಿಸಿಕೊಟ್ಟ. ಬಲಪುಟದಲ್ಲಿ ‘ಸೀಗಡಿ, ಉಚಿತ’ ಎಂದು ದಾಖಲಾಯಿತು. ಹತ್ತು ದಿನ ಕಳೆಯುವಷ್ಟರಲ್ಲಿ ನಾವು ಆ ಮನೆಯ ಕಾಫಿಯನ್ನು ಹೊರಗೆ ಗೇಟಿನ ಹತ್ತಿರ ನಿಂತು ಕುಡಿಯುವಂತಾಗಿತ್ತು. ಬಂದವರೆಲ್ಲ ‘ಮೀನೆಲ್ಲಿ?’ ಎಂದು ಕೇಳಿದರೆ, ‘ಸದ್ಯಕ್ಕೆ ಬ್ಯಾಕ್ಟೀರಿಯಾ ಸಾಕ್ತಿದ್ದೀನಿ’ ಎಂಬ ಉತ್ತರ.

ಅಮೋನಿಯಾ ಇಳಿಯಿತೋ ಇಲ್ಲವೋ ನೋಡಲು ಸೀಸೆಯ ನೀರಿಗೆ ಮದ್ದಿನ ಹನಿ ಬಿಟ್ಟು, ಬಣ್ಣವನ್ನು ಒಂದು ಚೀಟಿಯ ಜೊತೆ ಹೋಲಿಸಬೇಕು. ಹಳದಿ ಬಂದರೆ ಕ್ಷೇಮ, ಹಸಿರು ಬಂದರೆ ವಿಷ. ಭಾವನಿಗೆ ಎಲ್ಲವೂ ಹಳದಿಯಾಗಿಯೇ ಕಾಣುತ್ತಿತ್ತು. ಬಣ್ಣದ ವಿಷಯದಲ್ಲಿ ಅತ್ತಿಗೆಯದೇ ಕೊನೆಯ ಮಾತು. ಸೀರೆ ಅಂಗಡಿಯಲ್ಲಿ ನಲವತ್ತು ವರ್ಷ ಪಳಗಿದ ಕಣ್ಣು. ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ‘ಇದು ನಿಂಬೆ ಹಳದಿ ಅಲ್ಲ ರೀ, ಗಿಳಿ ಹಸಿರಿಗೆ ತಿರುಗಿದೆ. ಇನ್ನೂ ಒಂದು ವಾರ ಬೇಕು’ ಎಂದು ತೀರ್ಪು ಕೊಟ್ಟರು. ತೊಟ್ಟಿಯ ನೀರು ದಿನಾ ಆರಿ ತಗ್ಗುತ್ತಿತ್ತು. ಭಾವ ಅದಕ್ಕೆ ಉಪ್ಪುನೀರನ್ನೇ ಸುರಿಯುತ್ತಿದ್ದಾಗ ಕೈಹಿಡಿದು ನಿಲ್ಲಿಸಿದವರೂ ಅವರೇ. ‘ಸಾರು ಬತ್ತಿದ್ರೆ ನೀರು ಹಾಕ್ತಾರೋ, ಉಪ್ಪು ಹಾಕ್ತಾರೋ?’ ಆರುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಆ ಮನೆಯಲ್ಲಿ ಈ ಶಾಸ್ತ್ರ ನಿಜವಾಗಿ ಗೊತ್ತಿರುವುದು ಯಾರಿಗೆ ಎಂಬ ಅನುಮಾನ ನನಗೆ ಅಂದಿನಿಂದ ಇದೆ.

ಕೊನೆಗೆ ಮೀನು. ಅಗ್ಗ, ಗಟ್ಟಿಜೀವ ಎಂದು ಮೊದಲು ಒಂದು ನೀಲಿ ಡ್ಯಾಮ್ಸೆಲ್ ತಂದರು. ಆಮೇಲೆ ನೀಮೋ. ಕ್ಲೌನ್ ಮೀನನ್ನು ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ತೊಟ್ಟಿಯಲ್ಲೇ ಮರಿ ಮಾಡಿಸಿದ್ದಾರೆ ಎಂದು ತಿಳಿದದ್ದೇ ಭಾವ ಅಂಗಡಿಯಲ್ಲಿ ವಾದಕ್ಕಿಳಿದರು. ‘ನನ್ನ ಟ್ಯಾಕ್ಸಲ್ಲಿ ಕಲಿತ ವಿದ್ಯೆ. ನನಗೆ ಡಿಸ್ಕೌಂಟ್ ಇಲ್ವಾ?’ ಜೋಡಿ ಕೂಡಿದ ಮೀನಿಗೆ ಬೆಲೆ ಜಾಸ್ತಿ. ಆದರೆ ಈ ಜಾತಿಯಲ್ಲಿ ಎಲ್ಲವೂ ಮೊದಲು ಗಂಡು. ಎರಡು ಮರಿ ಒಟ್ಟಿಗೆ ಬಿಟ್ಟರೆ ಬಲಿತದ್ದು ಹೆಣ್ಣಾಗುತ್ತದೆ. ಹಾಗಾಗಿ ಬಿಡಿಯಾಗಿ ಎರಡು ಪುಟ್ಟವನ್ನು ತಂದು ಜೋಡಿಯ ದುಡ್ಡು ಉಳಿಸಿದರು. ಇದನ್ನು ಕೇಳಿ ಅತ್ತಿಗೆ, ‘ಬುದ್ಧಿ ಬಲಿತ ಮೇಲೆ ಹೆಣ್ಣಾಗುತ್ತೆ ಅನ್ನಿ’ ಎಂದು ಒಳಗೆ ಹೋದರು.

ಆದರೆ ತೊಟ್ಟಿ ಆಗಲೇ ಡ್ಯಾಮ್ಸೆಲ್ಲಿನ ಹೆಸರಿಗೆ ಖಾತೆಯಾಗಿತ್ತು. ಎರಡಂಗುಲದ ಆ ನೀಲಿ ರೌಡಿ ನೀಮೋಗಳನ್ನು ಅಟ್ಟಾಡಿಸಿ ಒಂದು ಮೂಲೆಗೆ ತಳ್ಳಿತು. ಬಲೆ ಹಾಕಿದರೆ ಸಿಮೆಂಟ್ ಬಂಡೆಯ ಸಂದಿಗೆ ನುಗ್ಗುತ್ತದೆ. ಬಂಡೆಯನ್ನೆಲ್ಲ ಕಿತ್ತು ಹೊರಗಿಟ್ಟು, ನೀರು ಮೊಗೆದು, ಪಕ್ಕದ ಮನೆಯ ಹುಡುಗರನ್ನೂ ಕರೆದು ಹಿಡಿದದ್ದಾಯಿತು. ಅಂಗಡಿಯವನು ವಾಪಸ್ ತೆಗೆದುಕೊಳ್ಳಲು ಒಪ್ಪಲಿಲ್ಲ. ಹಾಗಾಗಿ ಹಾಲಿನಲ್ಲಿ ಈಗ ಎರಡು ಸಮುದ್ರ.

ನಾವು ಧರ್ಮಸ್ಥಳಕ್ಕೆ ಹೋಗಿ ಮಂಗಳೂರು ನೋಡಿಕೊಂಡು ಬರುವ ಸುದ್ದಿ ಭಾವನಿಗೆ ಹೇಗೋ ಮುಟ್ಟಿ, ಮೊನ್ನೆ ರಾತ್ರಿ ಫೋನ್ ಬಂತು.

‘ಕಾರಲ್ಲಿ ತಾನೆ? ಬರೋವಾಗ ಡಿಕ್ಕಿ ಖಾಲಿನೇ ಇರುತ್ತಲ್ಲ. ನಾಲ್ಕೇ ನಾಲ್ಕು ಕ್ಯಾನು ಕಣಯ್ಯ. ಅಳಿವೆ ಹತ್ತಿರ ಬೇಡ, ಸೋಮೇಶ್ವರದಲ್ಲಿ ತುಂಬಿಸ್ಕೊ. ಪೆಟ್ರೋಲ್ ಖರ್ಚು ಹೇಗೂ ನಿಂದು ಆಗೇ ಆಗುತ್ತೆ.’