ಒಗರಿಗೊಂದು ನಾಕಾ

ಹೈದರಾಬಾದಿನ ಬಡಾವಣೆ ತಾರ್ನಾಕದ ಹೆಸರಿನೊಳಗೇ ಒಂದು ಬೇಲಿ ಇದೆ. ತಾರ್ ಎಂದರೆ ತಂತಿ, ನಾಕಾ ಎಂದರೆ ಕಾವಲುಕಟ್ಟೆ. ನಿಜಾಮರ ಕಾಲದಲ್ಲಿ ಇಲ್ಲೊಂದು ಹಣ್ಣಿನ ತೋಟ ಇತ್ತಂತೆ, ಅದಕ್ಕೆ ಮುಳ್ಳುತಂತಿ ಎಳೆದು ಪಹರೆ ಕೂರಿಸಿದ್ದರಂತೆ, ಹೆಸರು ಹಾಗೆ ಬಂತು ಎಂಬುದು ಸ್ಥಳಪುರಾಣ. ಈಗ ತೋಟವೂ ಇಲ್ಲ, ತಂತಿಯೂ ಇಲ್ಲ. ಹಣ್ಣು ತಳ್ಳುಗಾಡಿ ಏರಿದೆ, ಪಹರೆಯವನ ಜಾಗದಲ್ಲಿ ಮೆಟ್ರೊ ಕಂಬ ನಿಂತಿದೆ. ಹಾಗೆಂದು ನಾಕಾ ಎತ್ತಂಗಡಿಯಾಯಿತು ಎಂದುಕೊಳ್ಳಬೇಡಿ. ಅದು ರಸ್ತೆ ಬಿಟ್ಟು ಜನರ ನಾಲಗೆಯ ಮೇಲೆ ಹೋಗಿ ಕೂತಿದೆ. ಯಾವುದು ಚಹಾ, ಯಾವುದು ಚಹಾ ಅಲ್ಲ ಎಂದು ತಪಾಸಣೆ ಮಾಡುವುದೇ ಈಗ ಅದರ ಕೆಲಸ. ಇರಾನಿ ಚಹಾ ಬಂದರೆ ಸಲಾಮು, ಶುಂಠಿ ಚಹಾಕ್ಕೆ ದಾರಿ ಸಲೀಸು, ಲಿಂಬೂ ಚಹಾಕ್ಕೆ ಕೆಮ್ಮು-ನೆಗಡಿಯ ಕಾರಣ ತೋರಿಸಿದರೆ ಪ್ರವೇಶ. ಹಣ್ಣಿನ ರಸ ಬೆರೆಸಿ ಐಸು ಹಾಕಿದ ತಣ್ಣನೆಯ ಚಹಾ ಬಂದರೆ ಮಾತ್ರ ಅಡ್ಡಗಂಬ ಕೆಳಗಿಳಿಯುತ್ತದೆ: 'ಇದೆಂಥ ಚಹಾ?' ಈ ಪ್ರಶ್ನೆಗೆ ನನ್ನ ಉತ್ತರ ಸರಳ. ಇದು ಚಹಾ ಅಲ್ಲವೇ ಅಲ್ಲ, ಪಾನಕ. ಪಾಪ, ತಪ್ಪು ಸಾಲಿನಲ್ಲಿ ನಿಂತು ಇಷ್ಟು ವರ್ಷ ಬೈಸಿಕೊಂಡಿದೆ. ಸಾಲು ಬದಲಿಸಿ ಪಾನಕದ ಕಾನೂನು ಅನ್ವಯಿಸಿದರೆ ಅದರ ಮೇಲಿನ ಅರ್ಧ ಆರೋಪಗಳು ಬಿದ್ದುಹೋಗುತ್ತವೆ, ಮಾಡುವ ವಿಧಾನವೂ ತಾನಾಗಿಯೇ ಹೊಳೆಯುತ್ತದೆ.

ಮೊದಲ ತಕರಾರು ಇರಾನಿ ಹೋಟೆಲಿನ ಮೇಜಿನಿಂದಲೇ ಬರುತ್ತದೆ. ಅಲ್ಲಿ ಚಹಾ ಎಂದರೆ ಒಂದು ಅನುಷ್ಠಾನ. ಬಾಯಿ ಬಿಗಿದ ಪಾತ್ರೆಯಲ್ಲಿ ಡಿಕಾಕ್ಷನ್ನು ಸಣ್ಣ ಉರಿಯ ಮೇಲೆ ತಪಸ್ಸಿಗೆ ಕೂರಬೇಕು, ಹಾಲು ಬೇರೆ ಪಾತ್ರೆಯಲ್ಲಿ ಕಾದು ಕಾದು ಗಟ್ಟಿಯಾಗಬೇಕು, ಇಬ್ಬರ ಭೇಟಿ ಕಪ್ಪಿನಲ್ಲೇ ಆಗಬೇಕು, ಸಾಕ್ಷಿಗೆ ಉಸ್ಮಾನಿಯಾ ಬಿಸ್ಕತ್ತು ಇರಬೇಕು. ಇಷ್ಟು ವೈಭವದ ಮುಂದೆ ಗಾಜಿನ ಲೋಟದಲ್ಲಿ ಗಿಲಿಗಿಲಿ ಎನ್ನುವ ಕಂದು ನೀರು ಚಹಾ ಎಂದು ಹೇಳಿಕೊಂಡರೆ ಯಾರಿಗಾದರೂ ಸಿಟ್ಟು ಬರುತ್ತದೆ. ಸಿಟ್ಟು ಸರಿ, ಅದಕ್ಕೆ ಕೊಡುವ ಕಾರಣ ಸರಿಯಲ್ಲ. 'ಪರಂಪರೆ' ಎಂದು ಗದರುವವರು ಚಹಾದ ವಂಶಾವಳಿ ಕೆದಕದಿದ್ದರೆ ಒಳ್ಳೆಯದು. ಇರಾನಿ ಹೋಟೆಲುಗಳೇ ಹೊರಗಿನಿಂದ ಬಂದವು, ಹೆಸರೇ ಹೇಳುತ್ತದೆ. ನಮ್ಮ ದೇಶದ ಸಾಮಾನ್ಯ ಜನರಿಗೆ ಚಹಾ ಕುಡಿಯಲು ಕಲಿಸಿದ್ದು ಕಳೆದ ಶತಮಾನದ ಮೊದಲರ್ಧದಲ್ಲಿ ಊರೂರು ತಿರುಗಿ ನಡೆದ ಪ್ರಚಾರ; ಅಜ್ಜಿಯ ಅಜ್ಜಿ ಬೆಳಿಗ್ಗೆ ಎದ್ದು ಚಹಾ ಕೇಳಿದ ದಾಖಲೆ ಯಾವ ಮನೆಯಲ್ಲೂ ಸಿಗುವುದು ಕಷ್ಟ. ಇನ್ನು ತಣ್ಣನೆಯ ಚಹಾದ ಕಥೆ. 1904ರಲ್ಲಿ ಅಮೆರಿಕದ ಸೇಂಟ್ ಲೂಯಿ ಮೇಳದಲ್ಲಿ ಭಾರತದ ಚಹಾ ಮಾರಲು ಹೋಗಿದ್ದ ರಿಚರ್ಡ್ ಬ್ಲೆಚಿಂಡನ್ ಎಂಬಾತ, ಸೆಖೆಗೆ ಬಿಸಿ ಚಹಾ ಯಾರೂ ಮುಟ್ಟದಿದ್ದಾಗ ಅದಕ್ಕೆ ಐಸು ಸುರಿದು ಗೆದ್ದ ಎನ್ನುತ್ತಾರೆ. ಕಥೆ ಚೆನ್ನಾಗಿದೆ, ಆದರೆ ಕಾಲ ತಪ್ಪಿದೆ. 1879ರಲ್ಲೇ ಅಚ್ಚಾದ ವರ್ಜೀನಿಯಾದ ಒಂದು ಅಡುಗೆ ಪುಸ್ತಕದಲ್ಲಿ ಹಸಿರು ಚಹಾ, ಐಸು, ಸಕ್ಕರೆ, ನಿಂಬೆ ಸೇರಿಸುವ ಕ್ರಮ ಇದೆ. ಅಂದರೆ ತಣ್ಣನೆಯ ಚಹಾಕ್ಕೆ ಹತ್ತಿರಹತ್ತಿರ ಒಂದೂವರೆ ಶತಮಾನದ ವಯಸ್ಸು. ಹಿರಿತನವೇ ಅರ್ಹತೆಯಾದರೆ ಅದಕ್ಕೂ ಒಂದು ಕುರ್ಚಿ ಕೊಡಬೇಕಾಗುತ್ತದೆ. ನಾನು ಆ ಕುರ್ಚಿಯನ್ನು ಕೇಳುತ್ತಿಲ್ಲ. ಪಾನಕದ ಪಂಕ್ತಿಯಲ್ಲಿ ಒಂದು ಎಲೆ ಹಾಕಿದರೆ ಸಾಕು.

ಆದರೆ ಪಾನಕದ ಪಂಕ್ತಿಯವರು ಸುಮ್ಮನೆ ಜಾಗ ಬಿಟ್ಟುಕೊಡುವವರಲ್ಲ. ಎರಡನೆಯ ತಕರಾರು ಅವರದು, ಅದು ಗಟ್ಟಿ ತಕರಾರು. ರಾಮನವಮಿಗೆ ಬೆಲ್ಲ, ಏಲಕ್ಕಿ, ಶುಂಠಿ, ಮೆಣಸಿನ ಪಾನಕ ಇದೆ. ಬಿಸಿಲಿಗೆ ಕರಬೂಜದ್ದಿದೆ, ಬೇಲದ ಹಣ್ಣಿನದಿದೆ. ಕರಾವಳಿಯಲ್ಲಿ ಪುನರ್ಪುಳಿ, ಮಲೆನಾಡಿನಲ್ಲಿ ಅಪ್ಪೆಹುಳಿ, ಎಲ್ಲೆಲ್ಲೂ ಮಜ್ಜಿಗೆ. ಇಷ್ಟಿರುವಾಗ ಚಹಾದ ಎಲೆಗೆ ಇಲ್ಲೇನು ಕೆಲಸ? ಕೆಲಸ ಇದೆ, ಅದರ ಹೆಸರು ಒಗರು. ನಮ್ಮವರು ರುಚಿಯನ್ನು ಆರಾಗಿ ಎಣಿಸಿದರು: ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು. ಯುಗಾದಿಯ ದಿನ ಕನ್ನಡದ ಮನೆ ಬೇವು-ಬೆಲ್ಲದ ಎರಡರಲ್ಲೇ ಬದುಕಿನ ಲೆಕ್ಕ ಮುಗಿಸುತ್ತದೆ. ತಾರ್ನಾಕದ ಪಕ್ಕದ ತೆಲುಗು ಮನೆ ಮಾತ್ರ ಉಗಾದಿ ಪಚ್ಚಡಿಯಲ್ಲಿ ಆರನ್ನೂ ಕೂಡಿಸುತ್ತದೆ, ಒಗರಿಗೆಂದು ಮಾವಿನಕಾಯಿ ಹೆಚ್ಚಿ ಹಾಕುತ್ತದೆ. ಈ ನೆರೆಹೊರೆಯಿಂದ ಕಲಿಯುವ ಪಾಠ ಒಂದಿದೆ. ನಮ್ಮ ಬಹುಪಾಲು ಪಾನಕಗಳಲ್ಲಿ ಸಿಹಿ ಇದೆ, ಹುಳಿ ಇದೆ, ಚಿಟಿಕೆ ಖಾರವೂ ಇದೆ, ಇಲ್ಲದ್ದು ಒಗರು. ಅದಕ್ಕೇ ನಿಂಬೆ ಶರಬತ್ತಿನ ಮೊದಲ ಗುಟುಕು ಅಮೃತ, ನಾಲ್ಕನೆಯ ಗುಟುಕಿಗೆ ಮುಖ ಕಟ್ಟುತ್ತದೆ. ಒಗರು ನಿಜಕ್ಕೂ ರುಚಿಗಿಂತ ಹೆಚ್ಚಾಗಿ ಒಂದು ಸ್ಪರ್ಶ. ಚಹಾದ ಟ್ಯಾನಿನ್ ಜೊಲ್ಲಿನಲ್ಲಿರುವ ಪ್ರೋಟೀನನ್ನು ಹಿಡಿದು ಕೂರುತ್ತದೆ, ನಾಲಗೆಯ ಜಾರು ಹೋಗುತ್ತದೆ, ಬಾಯಿ ಒಣಗಿದಂತಾಗುತ್ತದೆ. ಒಣಗಿದ ಬಾಯಿ ಇನ್ನೊಂದು ಗುಟುಕು ಕೇಳುತ್ತದೆ. ಕುಡಿಸಿ ಬಾಯಾರಿಸುವ ಈ ಚಮತ್ಕಾರದಲ್ಲೇ ಅದರ ಮರ್ಯಾದೆ ಇದೆ. ಬೇಲದ ಹಣ್ಣಿಗೆ ಸ್ವಂತದ ಒಗರಿದೆ, ಹಾಗಾಗಿ ಅದಕ್ಕೆ ಚಹಾದ ಹಂಗಿಲ್ಲ. ಆ ಆಸ್ತಿ ಇಲ್ಲದ ಹಣ್ಣುಗಳಿಗೆ ಚಹಾ ಸಾಲ ಕೊಡುತ್ತದೆ, ಅಷ್ಟೇ.

ಪಾನಕ ಎಂದು ಒಪ್ಪಿದ ಮೇಲೆ ಮಾಡುವ ಕ್ರಮ ಬದಲಾಗಲೇಬೇಕು. ಇರಾನಿ ತಪಸ್ಸು ಇಲ್ಲಿ ನಡೆಯದು; ಹಾಲು ಒಗರನ್ನು ಅಪ್ಪಿಕೊಂಡು ಮೆತ್ತಗೆ ಮಾಡುತ್ತದೆ, ಇಲ್ಲಿ ಅಪ್ಪಿಕೊಳ್ಳಲು ಹಾಲೇ ಇಲ್ಲ. ಕೈ ಜಾರಿ ಹಾಲೂ ನಿಂಬೆಯೂ ಕೂಡಿದರೆ ಅದು ಚಹಾವೂ ಅಲ್ಲ, ಪಾನಕವೂ ಅಲ್ಲ, ಪನೀರಿನ ಮೊದಲ ಹಂತ. ಆದ್ದರಿಂದ ಐದು ಲೋಟಕ್ಕೆ ಅರ್ಧ ಲೀಟರ್ ನೀರು ಕುದಿಸಿ, ಒಲೆ ಆರಿಸಿ, ನಾಲ್ಕು ಸಣ್ಣ ಚಮಚ ಪುಡಿ ಉದುರಿಸಿ ಮುಚ್ಚಬೇಕು. ಉದ್ದ ಎಲೆಯಾದರೆ ನಾಲ್ಕು ನಿಮಿಷ, ಮನೆಯಲ್ಲಿರುವ ನುಣ್ಣನೆಯ ಪುಡಿಯಾದರೆ ಮೂರೇ. ಬಿಸಿ ಇರುವಾಗಲೇ ಸೋಸಿ ಐವತ್ತು ಗ್ರಾಂ ಸಕ್ಕರೆಯನ್ನೋ ಬೆಲ್ಲವನ್ನೋ ಕರಗಿಸಬೇಕು. ತಣ್ಣಗಾದ ಮೇಲೆ ಹಾಕಿದ ಸಕ್ಕರೆ ತಳದಲ್ಲಿ ಕೂತು ಕೊನೆಯ ಗುಟುಕಿನಲ್ಲಿ ಸೇಡು ತೀರಿಸಿಕೊಳ್ಳುತ್ತದೆ. ಆಮೇಲೆ ಬೇಕಾದ್ದು ತಾಳ್ಮೆ, ಅದಕ್ಕೆ ಲೆಕ್ಕದ ಆಧಾರವೇ ಇದೆ. ಒಂದು ಗ್ರಾಂ ಐಸು ಕರಗಲು 80 ಕ್ಯಾಲೊರಿ ಶಾಖ ಹೀರುತ್ತದೆ. 90 ಡಿಗ್ರಿಯ ಅರ್ಧ ಲೀಟರ್ ಚಹಾವನ್ನು ಸೊನ್ನೆಗೆ ಇಳಿಸಲು 45,000 ಕ್ಯಾಲೊರಿ ಹೋಗಬೇಕು. ಅಂದರೆ 560 ಗ್ರಾಮಿಗೂ ಮಿಕ್ಕಿ ಐಸು ಪ್ರಾಣ ಬಿಡಬೇಕು. ಚಹಾಕ್ಕಿಂತ ಅದರ ಮೇಲೆ ಬಿದ್ದ ನೀರೇ ಹೆಚ್ಚಾಯಿತು, ಕುಡಿದರೆ ಕಪ್ಪು ತೊಳೆದಂತಿರುತ್ತದೆ. ಅದೇ ಚಹಾವನ್ನು ಮೊದಲು 35 ಡಿಗ್ರಿಗೆ ಆರಲು ಬಿಟ್ಟರೆ 220 ಗ್ರಾಂ ಸಾಕು, ಉಳಿದ ಜಾಗ ಹಣ್ಣಿನ ರಸಕ್ಕೆ ಸಿಗುತ್ತದೆ. ಮೇ ತಿಂಗಳ ಹೈದರಾಬಾದಿನಲ್ಲಿ 'ಕೋಣೆಯ ತಾಪ'ಕ್ಕೆ ಆರಲಿ ಎನ್ನುವುದೇ ಒಂದು ಹಾಸ್ಯ, ಕೋಣೆಯೇ ಯಾರಾದರೂ ಆರಿಸಲಿ ಎಂದು ಕಾದಿರುತ್ತದೆ. ಹೂಜಿಯ ನೀರು ತುಂಬಿದ ಬೋಗುಣಿಯಲ್ಲಿ ಪಾತ್ರೆ ಇಟ್ಟರೆ ಕೆಲಸ ಬೇಗ ಆಗುತ್ತದೆ. ಅವಸರದಲ್ಲಿ ಬಿಸಿ ಬಿಸಿ ಗಟ್ಟಿ ಚಹಾವನ್ನು ಫ್ರಿಜ್ಜಿಗೆ ನೂಕಿದರೆ ಇನ್ನೊಂದು ಪೇಚು: ಹೊರಬರುವಾಗ ಅದು ಮಳೆಗಾಲದ ಕೆರೆಯಂತೆ ಬಗ್ಗಡವಾಗಿರುತ್ತದೆ. ಕೆಟ್ಟಿತು ಎಂದು ಚೆಲ್ಲಬೇಡಿ. ತಂಪಿಗೆ ಕೆಫೀನೂ ಚಹಾದ ಬಣ್ಣದ ಅಂಶಗಳೂ ಕೈ ಕೈ ಹಿಡಿದು ನಿಂತಿರುತ್ತವೆ, ಒಂದಿಷ್ಟು ಕುದಿವ ನೀರು ಹಾಕಿದರೆ ಕೈ ಬಿಡುತ್ತವೆ. ನಿಂಬೆ ಹಿಂಡಿದೊಡನೆ ಬಣ್ಣ ತಿಳಿಯಾಗುವುದೂ ಇಂಥದೇ ರಸಾಯನ. ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯನ್ನೇ ಮಗ್ಗುಲಲ್ಲಿ ಇಟ್ಟುಕೊಂಡ ಬಡಾವಣೆಯಲ್ಲಿ ಇಷ್ಟು ಕೆಮಿಸ್ಟ್ರಿಗೆ ಹೆದರುವುದು ಶೋಭೆಯಲ್ಲ.

ಹಣ್ಣಿನ ವಿಷಯದಲ್ಲೂ ಪಾನಕದ ನ್ಯಾಯವೇ: ಆ ಹೊತ್ತಿಗೆ ಗಾಡಿಯಲ್ಲಿ ಬಂದದ್ದೇ ಲೋಟಕ್ಕೆ. ಮೋಸಂಬಿ, ಇಲ್ಲಿಯವರ ಬತ್ತಾಯಿ, ನಲ್ಗೊಂಡದಿಂದ ಬರುತ್ತದೆ, ಚಹಾದ ಜತೆ ಬಹಳ ಸೌಜನ್ಯದಿಂದ ವರ್ತಿಸುತ್ತದೆ. ಆದರೆ ಹಿಂಡಿ ಇಟ್ಟರೆ ಗುಣ ಬದಲಿಸುತ್ತದೆ. ರಸದಲ್ಲಿ ಲಿಮೋನಿನ್ ಎಂಬ ಕಹಿ ನಿಧಾನವಾಗಿ ಹುಟ್ಟುತ್ತದೆ, ಹಾಗಾಗಿ ಮೋಸಂಬಿಯನ್ನು ಕುಡಿಯುವವರ ಎದುರಿಗೇ ಹಿಂಡಬೇಕು. ಬಂಗನಪಲ್ಲಿ ಮಾವಿಗೆ ನಾರಿನ ರಗಳೆ ಕಡಿಮೆ, ಲೋಟಕ್ಕೆ ಎರಡು ದೊಡ್ಡ ಚಮಚ ತಿರುಳು ಸಾಕು. ಆದರೆ ಅದು ಸಿಹಿಯ ಜಮೀನ್ದಾರ, ನಿಂಬೆಯ ಅಂಕುಶ ಇಲ್ಲದಿದ್ದರೆ ಚಹಾವನ್ನು ನುಂಗಿಬಿಡುತ್ತದೆ. ಕಲ್ಲಂಗಡಿಯಲ್ಲಿ ನೂರಕ್ಕೆ ತೊಂಬತ್ತರಷ್ಟು ನೀರೇ. ಅದನ್ನು ರಸವಾಗಿ ಹಾಕಿದರೆ ಚಹಾ ತೆಳುವಾಗುತ್ತದೆ, ಐಸಿನ ತಟ್ಟೆಯಲ್ಲಿ ಗಡ್ಡೆ ಕಟ್ಟಿಸಿ ಹಾಕಿದರೆ ಕರಗಿದಷ್ಟೂ ರುಚಿ ಏರುತ್ತದೆ. ನೀರಿನ ಐಸು ಹೊತ್ತು ಹೋದಂತೆ ಪಾನಕವನ್ನು ಬಡವಾಗಿಸುತ್ತದೆ, ಹಣ್ಣಿನ ಐಸು ಶ್ರೀಮಂತವಾಗಿಸುತ್ತದೆ. ದಾಳಿಂಬೆಗೆ ತನ್ನದೇ ಒಗರಿದೆ. ಅದರ ಜತೆ ಚಹಾವನ್ನು ಅರ್ಧಕ್ಕೆ ಇಳಿಸದಿದ್ದರೆ ಕುಡಿದವರ ಮುಖ ಫೋಟೊಕ್ಕೆ ಲಾಯಕ್ಕಾಗಿ ಉಳಿಯುವುದಿಲ್ಲ.

ಇಷ್ಟೆಲ್ಲ ಯಾಕೆ, ಅಂಗಡಿಯಲ್ಲಿ ಪುಡಿ ಸಿಗುತ್ತದಲ್ಲ, ನೀರಿಗೆ ಹಾಕಿ ಕಲಕಿದರೆ ಆಯಿತು ಎಂಬುದು ಮೂರನೆಯ ತಕರಾರು. ಇದಕ್ಕೆ ಉತ್ತರವನ್ನು ಪೊಟ್ಟಣದ ಬೆನ್ನೇ ಹೇಳುತ್ತದೆ. ಒಳಗಿನ ಸಾಮಾನುಗಳನ್ನು ತೂಕದಲ್ಲಿ ಹೆಚ್ಚಿನದರಿಂದ ಕಡಿಮೆಗೆ ಇಳಿಸುತ್ತ ಬರೆಯಬೇಕೆಂಬುದು ನಿಯಮ. ಇಂಥ ಪುಡಿಗಳ ಪಟ್ಟಿಯಲ್ಲಿ ಸಾಮಾನ್ಯವಾಗಿ ಮೊದಲ ಕುರ್ಚಿ ಸಕ್ಕರೆಯದು, ಚಹಾ ಎಲ್ಲೋ ಹಿಂದಿನ ಬೆಂಚಿನಲ್ಲಿ, ಹಣ್ಣಂತೂ 'ಪರಿಮಳ'ದ ರೂಪದಲ್ಲಿ ಹಾಜರಿ ಹಾಕಿ ಹೋಗಿರುತ್ತದೆ. ಅದೂ ಯಾವ ಹಣ್ಣು? ಪೀಚು! ತಾರ್ನಾಕದ ತಳ್ಳುಗಾಡಿಯಲ್ಲಿ ಅಪರೂಪಕ್ಕೆ ಮುಖ ತೋರಿಸುವ ಅತಿಥಿಯ ಹೆಸರಿನಲ್ಲಿ, ದಿನವೂ ಎದುರಿಗೆ ಕೂಗಿ ಮಾರುವ ಮೋಸಂಬಿಯನ್ನು ದಾಟಿ ಹೋಗುತ್ತೇವೆ. ಹಣ್ಣನ್ನು ಕೆಡದಂತೆ ಕಾಪಾಡುವ ವಿದ್ಯೆಗೆ ನನ್ನ ವಿರೋಧವಿಲ್ಲ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ 1950ರಿಂದ ದುಡಿಯುತ್ತಿರುವ ಕೆಲಸಗಳಲ್ಲಿ ಅದೂ ಒಂದು, ಗೌರವದ ಕೆಲಸ. ಹಣ್ಣನ್ನು ಬಿಟ್ಟು ಹಣ್ಣಿನ ಹೆಸರನ್ನಷ್ಟೇ ಕಾಪಾಡಿದರೆ ಮಾತ್ರ ಕಷ್ಟ. ಹೊರಗಿನಿಂದ ಸೇರಿಸುವ ಸಕ್ಕರೆ, ಹಣ್ಣಿನ ರಸದ ಸಕ್ಕರೆ ಎಲ್ಲ ಸೇರಿ ದಿನಕ್ಕೆ 25 ಗ್ರಾಂ ಆಸುಪಾಸಿನಲ್ಲಿದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ಮೇಲಿನ ಲೆಕ್ಕದಲ್ಲಿ ನಾವು ಹಾಕುವ ಸಕ್ಕರೆ ಲೋಟಕ್ಕೆ ಹತ್ತು ಗ್ರಾಂ ಬರುತ್ತದೆ, ಕಡಿಮೆ ಮಾಡುವ ಚಮಚವೂ ನಮ್ಮ ಕೈಯಲ್ಲೇ ಇರುತ್ತದೆ. ಪೊಟ್ಟಣದಲ್ಲಿ ಚಮಚ ಬೇರೆಯವರದು.

ನಾಲ್ಕನೆಯವರು ವಿಜ್ಞಾನ ಓದಿಕೊಂಡವರು. ಸೆಖೆಗೆ ಬಿಸಿ ಚಹಾವೇ ಮದ್ದು, ಬೆವರು ಬಂದು ಮೈ ತಣಿಯುತ್ತದೆ ಎನ್ನುತ್ತಾರೆ. ಇವರನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. 2012ರಲ್ಲಿ ಕೆನಡಾದ ಒಟ್ಟಾವಾ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷೆ ಮಾಡಿ, ಬಿಸಿ ಪೇಯ ಕುಡಿದಾಗ ಮೈಯಲ್ಲಿ ಉಳಿಯುವ ಶಾಖ ನಿಜಕ್ಕೂ ಕಡಿಮೆ ಎಂದು ಕಂಡರು. ಆದರೆ ಒಂದು ಷರತ್ತು: ಬಂದ ಬೆವರೆಲ್ಲ ಆವಿಯಾಗಬೇಕು. ಏಪ್ರಿಲಿನ ಒಣ ಹೈದರಾಬಾದಿನಲ್ಲಿ, ಫ್ಯಾನಿನ ಕೆಳಗೆ, ಬನಿಯನ್ನಿನಲ್ಲಿ ಕೂತವರಿಗೆ ಇದು ನಡೆದೀತು. ಅಂಗಿಯ ಗುಂಡಿ ಬಿಗಿದುಕೊಂಡು ಮೆಟ್ರೊ ಹಿಡಿಯಬೇಕಾದವರಿಗೆ, ಜೂನಿನ ಮೋಡ ಕವಿದು ಗಾಳಿ ಬಿಗಿದಾಗ ಎಲ್ಲರಿಗೂ, ಬೆವರು ಆವಿಯಾಗುವುದಿಲ್ಲ, ಬೆನ್ನಿಗೆ ಅಂಟುತ್ತದೆ. ಆಗ ಬಿಸಿ ಚಹಾದ ವಾದವೂ ಅಲ್ಲೇ ಅಂಟಿಕೊಳ್ಳುತ್ತದೆ. ಜತೆಗೆ ಬಾಯಾರಿದವರು ಲೋಟ ಎತ್ತುವಾಗ ಶಾಖದ ಲೆಕ್ಕಪತ್ರ ಬರೆಯುವುದಿಲ್ಲ, ಗಂಟಲಿಗೆ ಹಿತವಾದದ್ದನ್ನು ಕೇಳುತ್ತಾರೆ. ಪಾನಕವೂ ಹುಟ್ಟಿದ್ದು ಈ ಹಿತಕ್ಕಾಗಿಯೇ.

ಕೊನೆಗೆ ಉಳಿದದ್ದು ಆರೋಗ್ಯದ ಪ್ರಶ್ನೆ, ಅದನ್ನು ಕೇಳಲು ತಾರ್ನಾಕಕ್ಕಿಂತ ತಕ್ಕ ಜಾಗ ಇಲ್ಲ. ರಾಷ್ಟ್ರೀಯ ಪೋಷಣಾ ಸಂಸ್ಥೆ ಇರುವುದು ಇಲ್ಲೇ. 1918ರಲ್ಲಿ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಬೆರಿಬೆರಿ ರೋಗದ ಹಿಂದೆ ಬಿದ್ದು ತೆರೆದ ಪುಟ್ಟ ಪ್ರಯೋಗಾಲಯ, 1958ರಲ್ಲಿ ಹೈದರಾಬಾದಿಗೆ ಬಂದು ಅದೇ 1918ರಲ್ಲಿ ಹುಟ್ಟಿದ ಉಸ್ಮಾನಿಯಾ ವಿಶ್ವವಿದ್ಯಾಲಯದ ನೆರೆಯಲ್ಲಿ ನೆಲೆಯಾಯಿತು. ಆ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿ ಹೇಳುವ ಪ್ರಕಾರ 150 ಮಿಲಿಲೀಟರ್ ಚಹಾದಲ್ಲಿ 30ರಿಂದ 65 ಮಿಲಿಗ್ರಾಂ ಕೆಫೀನ್ ಇರುತ್ತದೆ, ದಿನಕ್ಕೆ 300 ಮೀರಬಾರದು. ನಮ್ಮ ಪಾನಕದ ಲೋಟದಲ್ಲಿ ಚಹಾ ಇರುವುದು ಅರ್ಧದಷ್ಟೇ, ಆ ಮಿತಿಗೆ ಅದು ದೂರ. ನಿಜವಾದ ಏಟು ಬೇರೆ ಕಡೆ ಇದೆ: ಊಟಕ್ಕೆ ಒಂದು ಗಂಟೆ ಮೊದಲು, ಒಂದು ಗಂಟೆ ಆಮೇಲೆ ಚಹಾ ಬೇಡ, ಏಕೆಂದರೆ ಅದರ ಟ್ಯಾನಿನ್ ಅನ್ನದೊಳಗಿನ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಯಾವ ಒಗರಿನ ಪರವಾಗಿ ಇಷ್ಟು ಹೊತ್ತು ವಾದಿಸಿದೆನೋ ಅದೇ ಒಗರು ಇಲ್ಲಿ ಆರೋಪಿ. ನಿಂಬೆ, ಮೋಸಂಬಿಯ ಸಿ ಜೀವಸತ್ವ ಕಬ್ಬಿಣಕ್ಕೆ ನೆರವಾಗುತ್ತದೆ ಎಂದು ಜಾಮೀನು ಕೇಳಬಹುದು. ಕೇಳಿದರೂ ಪೂರ್ತಿ ಬಿಡುಗಡೆ ಸಿಗದು. ಸೋಲನ್ನು ಒಪ್ಪುತ್ತೇನೆ, ಒಪ್ಪಿದರೂ ಪಾನಕಕ್ಕೆ ನಷ್ಟವಿಲ್ಲ. ಊಟದ ಮಧ್ಯೆ ಕುಡಿಯಲು ಮಜ್ಜಿಗೆ ಇದ್ದೇ ಇದೆ. ಪಾನಕದ ಹೊತ್ತು ಎಂದಿಗೂ ಬಿಸಿಲಿನಲ್ಲಿ ಬಂದವರು ಚಪ್ಪಲಿ ಕಳಚುವ ಹೊತ್ತು. ಒಂದು ಗಂಟೆಗೆ ಊಟವಾದರೆ ಹನ್ನೆರಡರೊಳಗೆ ಲೋಟ ಬರಿದಾಗಲಿ, ಇನ್ನೊಮ್ಮೆ ಬೇಕಾದವರು ಮೂರಕ್ಕೆ ಬರಲಿ. ಊಟದ ಆಚೆಗೊಂದು, ಈಚೆಗೊಂದು ತಂತಿ, ನಡುವೆ ಗಡಿಯಾರದ ಪಹರೆ. ತೋಟ ಹೋದ ಮೇಲೂ ತಾರ್ನಾಕಕ್ಕೆ ಒಂದು ನಾಕಾ ಬೇಕೇ ಬೇಕು ಎನ್ನುವುದಾದರೆ, ಅದು ನಿಲ್ಲಬೇಕಾದ ಜಾಗ ಅದೇ.