ಇಂಗುಮೀಮಾಂಸೆ

ನೆಲಕ್ಕೆ ಸುರಿದ ನೀರು ಕೆಳಗಿಳಿಯುತ್ತದೆ ಎಂಬಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿಲ್ಲ. ಎಷ್ಟು ಹೊತ್ತಿಗೆ ಎಂದು ಕೇಳಿದ ಕೂಡಲೇ ಶಾಸ್ತ್ರವೂ ಜಗಳವೂ ಹುಟ್ಟುತ್ತವೆ.

ಈ ಶಾಸ್ತ್ರದ ಮೂಲಪುರುಷರು ಫ್ರಾನ್ಸಿನ ದಿಜೋನ್ ಊರಿನ ಎಂಜಿನಿಯರ್ ಡಾರ್ಸಿ ಮಹಾಶಯರು. 1855ರಲ್ಲಿ ಅವರು ಆಸ್ಪತ್ರೆಯ ಆವರಣದಲ್ಲಿ ಆಳೆತ್ತರ ಮೀರಿದ ಕೊಳವೆಗೆ ಮರಳು ತುಂಬಿ, ನೀರು ಹಾಯಿಸಿ ಅಳೆದರು. ಒಳಗೆ ಯಾರಾದರೂ ನಲ್ಲಿ ತಿರುಗಿಸಿದರೆ ಮಾಪಕದ ಪಾದರಸ ನಡುಗುತ್ತಿತ್ತು. ರೋಗಿಗಳು ಮುಖ ತೊಳೆದದ್ದೂ ಹೀಗೆ ವಿಜ್ಞಾನಕ್ಕೆ ಸಂದಿತು. ಕಂಡುಕೊಂಡ ನಿಯಮವನ್ನು ಅವರು ಮರುವರ್ಷ, ಊರಿನ ನೀರು ಸರಬರಾಜಿನ ಬಗ್ಗೆ ಬರೆದ 600 ಪುಟ ಮೀರಿದ ಗ್ರಂಥದ ಅನುಬಂಧದಲ್ಲೆಲ್ಲೋ ಹುದುಗಿಸಿಟ್ಟರು. ಅನುಬಂಧ ಓದದವರಿಗೆ ಮುಕ್ತಿಯಿಲ್ಲ ಎಂಬ ನಮ್ಮ ಪಂಥದ ನಂಬಿಕೆಗೆ ಇದೇ ಆಧಾರ.

ನಿಯಮವೇನೋ ಸರಳ. ಮೇಲೆ ನೀರು ಎತ್ತರ ನಿಂತಷ್ಟೂ ಹರಿವು ಹೆಚ್ಚು, ಮಣ್ಣಿನ ಪದರ ದಪ್ಪವಾದಷ್ಟೂ ಕಡಿಮೆ. ಫಿಲ್ಟರಿಗೆ ಕಾಫಿಪುಡಿ ಒತ್ತಿ ತುಂಬಿ ಮಧ್ಯಾಹ್ನದವರೆಗೂ ಡಿಕಾಕ್ಷನ್ ಕಾದವರಿಗೆ ಬಿಡಿಸಿ ಹೇಳಬೇಕಿಲ್ಲ. ಇವನ್ನೆಲ್ಲ ಲೆಕ್ಕದಿಂದ ಕಳೆದ ಮೇಲೂ ಉಳಿಯುವ ಮಣ್ಣಿನ ಸ್ವಂತ ಗುಣವೇ ಜಲವಾಹಕತೆ. ಜಲ್ಲಿಯಲ್ಲಿ ಅದು ಸೆಕೆಂಡಿಗೆ 1 ಸೆಂ.ಮೀ. ಇದ್ದೀತು, ಬಿಗಿ ಜೇಡಿಯಲ್ಲಿ ಅದರ ಕೋಟಿಗೊಂದು ಪಾಲು, ಎಂದರೆ ವರ್ಷಕ್ಕೆ ಸುಮಾರು 3 ಸೆಂ.ಮೀ. ಜೇಡಿಯನ್ನು ಆರಿಸಿಕೊಂಡ ಸಂಶೋಧಕನ ಫೆಲೋಶಿಪ್ ನೀರಿಗಿಂತ ಮೊದಲು ತಳ ಮುಟ್ಟುತ್ತದೆ.

ಹೊಲದಲ್ಲಿ ಅಳೆಯುವುದಕ್ಕೆ ಎರಡು ಉಕ್ಕಿನ ಬಳೆಗಳು ಸಾಕು. 30 ಸೆಂ.ಮೀ. ಅಗಲದ್ದು ಒಳಗೆ, 60 ಸೆಂ.ಮೀ.ನದು ಹೊರಗೆ. ನೆಲಕ್ಕೆ ಬಡಿದು ಕೂರಿಸಿ ಎರಡಕ್ಕೂ ನೀರು ತುಂಬಬೇಕು. ಹೊರಗಿನ ನೀರು ಬೇಕಾದರೆ ಅಕ್ಕಪಕ್ಕ ಹರಿದುಹೋಗಲಿ, ಒಳಗಿನದು ನೇರ ಕೆಳಗಿಳಿಯಲಿ ಎಂಬುದು ತತ್ವ. ಲೆಕ್ಕಕ್ಕೆ ಒಳಬಳೆ ಮಾತ್ರ. ಹೊರಬಳೆಗೆ ಕೊಡ ಹೊತ್ತವನ ಹೆಸರು ಯಾವ ಪ್ರಬಂಧದಲ್ಲೂ ಕಾಣದು.

ಶಾಸ್ತ್ರ ತತ್ತರಿಸುವುದು ಗದಗ, ವಿಜಯಪುರದ ಕಡೆಯ ಎರೆ ಹೊಲದಲ್ಲಿ. ಬೇಸಿಗೆಯಲ್ಲಿ ಅದು ಕಾಲು ಸಿಕ್ಕುವಷ್ಟು ಬಿರಿದಿರುತ್ತದೆ. ಸುರಿದ ನೀರು ಸದ್ದಿಲ್ಲದೆ ಮಾಯ. ನೆನೆದ ಜೇಡಿ ಉಬ್ಬಿ ಬಿರುಕು ಮುಚ್ಚಿದರೆ ಅದೇ ನೀರು ನಿಂತಲ್ಲೇ ನಿಲ್ಲುತ್ತದೆ. ಹೀಗಾಗಿ ಎರೆ ಜಲ್ಲಿಗೆ ಸಮವೆಂದು ಏಪ್ರಿಲ್ ಪಂಥದವರೂ, ಸಿಮೆಂಟಿಗೆ ಸಮವೆಂದು ಸೆಪ್ಟೆಂಬರ್ ಪಂಥದವರೂ ವಾದಿಸುತ್ತಾರೆ. ಇಬ್ಬರ ಬಳಿಯೂ ಅಂಕಿಗಳಿವೆ. ಹೊಲದ ಯಜಮಾನನನ್ನು ಕೇಳಿದರೆ, “ಯಾವ ತಿಂಗಳಿನ ಮಾತು ಕೇಳಾಕತ್ತೀರಿ ಸರ?” ಎನ್ನುತ್ತಾನೆ. ಪಂಥವಿಲ್ಲದವನ ಮಾತಾದ್ದರಿಂದ ನಾವದನ್ನು ಪ್ರಮಾಣವೆಂದು ಒಪ್ಪುವುದಿಲ್ಲ. ಸುಲಭಕ್ಕೆ ಬಿಟ್ಟುಕೊಡದ ಆ ತೇವದಿಂದಲೇ ಅವನ ಹಿಂಗಾರಿ ಜೋಳ ತೆನೆಗಟ್ಟುವುದು ಬೇರೆ ಮಾತು.

ಇತ್ಯರ್ಥವಾಗದ ಪ್ರಶ್ನೆ ಒಂದಿದೆ. ಅಳೆಯುವವನು ನೆರಳಿಗೆ ಹೋಗಿ ಬರುವಷ್ಟರಲ್ಲಿ ಒಳಬಳೆಯ ನೀರು ನಾಲ್ಕು ಬೆರಳು ಇಳಿದಿದ್ದರೆ ಅದು ಇಂಗಿದ್ದೆಂದೇ ಬರೆದುಕೊಳ್ಳಬೇಕೆ? ಅನುಮಾನ ಪ್ರಮಾಣ ಹೌದೆನ್ನುತ್ತದೆ. ಪ್ರತ್ಯಕ್ಷ ಪ್ರಮಾಣವು ಗಡ್ಡ ತೊಯ್ಸಿಕೊಂಡು ಪಕ್ಕದಲ್ಲೇ ನಿಂತಿದೆ. ಆಡಿನ ಜಲವಾಹಕತೆ ಎರೆಮಣ್ಣಿನದಕ್ಕಿಂತ ಹೆಚ್ಚು ಎಂದಷ್ಟೇ ಸದ್ಯಕ್ಕೆ ಹೇಳಬಹುದು; ನಿಖರ ಬೆಲೆ ಬೇಕಿದ್ದರೆ ಹೊರಬಳೆಗೂ ಒಂದು ಆಡು ಮಂಜೂರಾಗಬೇಕು.